ಅತ್ತೆಯ ದನಿ, ನಲವತ್ತೆಂಟು ವೋಲ್ಟು

ಆ ಸ್ವಿಚ್ಚು ಕೆಂಪಗಿತ್ತು ಎಂದು ನಾನು ಹಲವರಿಗೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಅದು ಇನ್ನಷ್ಟು ಕೆಂಪಾಗಿದೆ. ಆದರೆ ಅದರ ಮೇಲೆ ಕಪ್ಪು ಟೇಪು ಅಂಟಿಸಿತ್ತು, ಟೇಪಿನ ಮೇಲೆ ವಿಭೂತಿಯ ಮೂರು ಗೆರೆಗಳಿದ್ದವು. ಹಾಗಿದ್ದಲ್ಲಿ ನಾನು ಬಣ್ಣ ನೋಡಿದ್ದು ಯಾವಾಗ? ಟೇಪು ಕಿತ್ತ ಮೇಲೆ ಎನ್ನಬಹುದು; ಆದರೆ ಆಗ ನಾನು ನೋಡುತ್ತಿದ್ದದ್ದು ಅತ್ತೆಯ ಹಣೆಯನ್ನು. ಬಣ್ಣವನ್ನು ಇಲ್ಲಿಗೇ ಬಿಡುತ್ತೇನೆ. ಸ್ವಿಚ್ಚು ಇತ್ತು, ಆನ್ ಆಗಿತ್ತು, ಆನ್ ಆಗಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಇಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ನಾಸಿಕದಲ್ಲಿ ನನ್ನದು ದನಿ ಮುದ್ರಿಸುವ ಕೆಲಸ. ಸ್ಟುಡಿಯೋ ಎಂದರೆ ದೊಡ್ಡ ಮಾತಾಯಿತು. ಅಂಬಡ್‌ನ ಕಾರ್ಖಾನೆಗಳ ಹಿಂದೆ ಒಂದು ಬಾಡಿಗೆ ಕೋಣೆ, ಹೊರಗಿನ ಸದ್ದು ತಡೆಯಲು ಗೋಡೆ ತುಂಬ ಹಳೆಯ ಕೌದಿಗಳು. ಕಸದ ಘಂಟಾಗಾಡಿಯ ಸೂಚನೆ, ಸೀರೆ ಅಂಗಡಿಯ ಸೇಲು, ದ್ರಾಕ್ಷಿ ಬಳ್ಳಿಗೆ ಹೊಡೆಯುವ ಔಷಧಿಯ ಜಾಹೀರಾತು, ಎಲ್ಲ ಮರಾಠಿಯಲ್ಲಿ. ಆ ಕೋಣೆಯೊಳಗೆ ಕನ್ನಡ ಬರುವುದು ನಾನು ಮೈಕುಗಳನ್ನು ಬಯ್ಯುವಾಗ ಮಾತ್ರ.

ಮೈಕುಗಳಲ್ಲಿ ನನ್ನ ಕೈಗೆ ಬಂದದ್ದು ಮೂರು ಬಗೆ. ಡೈನಾಮಿಕ್ ಮೈಕು ಗಣಪತಿ ಪೆಂಡಾಲಿನಲ್ಲಿ, ಮದುವೆ ಹಾಲಿನಲ್ಲಿ ಕೈಯಿಂದ ಕೈಗೆ ಹೋಗುವ ಗಟ್ಟಿ ಜೀವ. ಬಿದ್ದರೂ ಎದ್ದು ಹಾಡುತ್ತದೆ, ಹೊರಗಿನಿಂದ ಕರೆಂಟ್ ಬೇಡುವುದಿಲ್ಲ. ಕಂಡೆನ್ಸರ್ ಮೈಕಿನ ಕಿವಿ ಸೂಕ್ಷ್ಮ, ಆದರೆ ಕರೆಂಟ್ ಸಿಗದೆ ಅದು ಬಾಯಿ ಬಿಡುವುದಿಲ್ಲ. ಆ ಕರೆಂಟನ್ನು ಮೈಕುಗಳ ವೈರೆಲ್ಲ ಬಂದು ಸೇರುವ ಮಿಕ್ಸರ್ ಪೆಟ್ಟಿಗೆಯೇ ಕಳಿಸುತ್ತದೆ, ದನಿ ಬರುವ ಅದೇ ವೈರಿನಲ್ಲಿ, ಎದುರು ದಿಕ್ಕಿಗೆ. ನಲವತ್ತೆಂಟು ವೋಲ್ಟು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ವೈರು ಸರಿಯಿದ್ದರೆ ಡೈನಾಮಿಕ್ ಮೈಕಿಗೆ ಅದು ಬಂದದ್ದೂ ತಿಳಿಯುವುದಿಲ್ಲ. ಮೂರನೆಯದು ರಿಬ್ಬನ್. ಅದರೊಳಗೆ ಅಯಸ್ಕಾಂತದ ನಡುವೆ ಒಂದು ಅಲ್ಯುಮಿನಿಯಂ ಪಟ್ಟಿ ತೂಗುತ್ತಿರುತ್ತದೆ, ಮಿಠಾಯಿಯ ಮೇಲಿನ ಬೆಳ್ಳಿ ವರಖಿನಷ್ಟು ನಾಜೂಕು. ವೈರಿನಲ್ಲಿ ಏನಾದರೂ ಕೆಟ್ಟು ಆ ನಲವತ್ತೆಂಟು ವೋಲ್ಟು ತಪ್ಪು ದಾರಿಯಲ್ಲಿ ಒಳಗೆ ನುಗ್ಗಿದರೆ ಪಟ್ಟಿ ಜೋಲುತ್ತದೆ, ಇಲ್ಲವೇ ಹರಿದೇ ಹೋಗುತ್ತದೆ. ಹರಿದ ಮೇಲೆ ಹೊಲಿಯಲಿಕ್ಕೆ ಬರುವಂಥದ್ದಲ್ಲ.

ಅಂಥದೊಂದು ರಿಬ್ಬನ್ ಮೈಕು ನನ್ನ ಸೋದರತ್ತೆಯ ಮನೆಯಲ್ಲಿತ್ತು. ಸೇರಿದ್ದು ಅತ್ತೆಯ ಗಂಡನಿಗೆ. ಮಾವ ಬೀದರ್ ಕಡೆಯಿಂದ ಬಂದು ಅಂಬಡ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ತಂತಿ ಸುತ್ತುತ್ತ ನೌಕರಿ ಮುಗಿಸಿದವರು. ಮೈಕನ್ನು ದೇವಳಾಲಿ ಕ್ಯಾಂಪಿನ ಒಬ್ಬ ಗುಜರಿಯವನಿಂದ ತಂದರು ಎಂದು ಅತ್ತೆ ಹೇಳುತ್ತಾಳೆ. ರೈಲಿನಲ್ಲಿ ಸಿಕ್ಕ ಒಬ್ಬ ಫೌಜಿ ಕೊಟ್ಟದ್ದು ಎಂದು ಮಾವ ಹೇಳುತ್ತಾರೆ. ಇಬ್ಬರೂ ಬೇರೆಬೇರೆ ವರ್ಷ ಹೇಳುತ್ತಾರೆ. ನಾನು ಎರಡನ್ನೂ ನಂಬುತ್ತೇನೆ, ಬೇರೆಬೇರೆ ದಿನ.

ಅಂಬಡ್‌ನ ಬಾಡಿಗೆ ಕೋಣೆಗಳಲ್ಲಿ ನಮ್ಮ ಕಡೆಯವರ ಕೂಸುಗಳಿಗೆ ಹೆಸರಿಡುವಾಗ ಅತ್ತೆ ತೊಟ್ಟಿಲ ಪದ ಹೇಳುತ್ತಿದ್ದಳು. ಹಳೆಯ ಧಾಟಿಗೆ ತನ್ನದೇ ಮಾತು ಸೇರಿಸುತ್ತಿದ್ದಳು. ಭೋಂಗಾ ಊದಿತು, ಶಿಫ್ಟ್ ಬಿಟ್ಟಿತು, ಅಪ್ಪ ಬರ್ತಾನ ಸುಮ್ಮನಿರು ಎನ್ನುವಂಥ ಸಾಲುಗಳು; ಭೋಂಗಾ ಎಂದರೆ ಕಾರ್ಖಾನೆಯ ಸೈರನ್ನು. ಮಾವ ಒಂದು ಮೂಲೆಯಲ್ಲಿ ಆ ಮೈಕು ನಿಲ್ಲಿಸಿ ಟೇಪ್ ರೆಕಾರ್ಡರಿಗೆ ಹಿಡಿಯುತ್ತಿದ್ದರಂತೆ. ಒಂದು ಕ್ಯಾಸೆಟ್ಟೂ ಉಳಿದಿಲ್ಲ. ಉಳಿದದ್ದು ಮೈಕು ಮಾತ್ರ. ಮಗಳ ಜೊತೆಗೆಂದು ಅವರಿಬ್ಬರೂ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ, ಹೋದಾಗ ಅದು ಮಾವನ ತೊಡೆಯ ಮೇಲೆ ಹೋಯಿತು. ರಿಬ್ಬನ್ ಮೈಕನ್ನು ಮಲಗಿಸಿ ಇಡಬಾರದು, ಪಟ್ಟಿ ತನ್ನ ಭಾರಕ್ಕೇ ಜಗ್ಗುತ್ತದೆ. ಆದ್ದರಿಂದ ಅಲ್ಲಿಯೂ ಅಡುಗೆಮನೆಯ ಗೂಡಿನಲ್ಲಿ, ಕುಪ್ಪಸದ ಬಟ್ಟೆ ಹೊದ್ದು, ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿ ನಿಂತಿತ್ತು. "ಮನ್ಯಾಗ ಮಲಗದೇ ಇರೋದು ಅದೊಂದೇ" ಎಂದು ಅತ್ತೆ ನಗುತ್ತಿದ್ದಳು.

ಅತ್ತೆಯ ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತು. ಕೆಟ್ಟದ್ದೇನಲ್ಲ, ಆದರೆ ತೆಗೆಯಬೇಕು ಎಂದರು ಡಾಕ್ಟರು. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ದನಿ ಸ್ವಲ್ಪ ಬದಲಾದರೂ ಆಗಬಹುದು ಎಂದೂ ಹೇಳಿದರು. ಅತ್ತೆ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವರು ಮಾವ. ಫೋನು ಮಾಡಿದರು. ಅವರಿಗೆ ಕಿವಿ ಕೇಳುವುದು ಅಷ್ಟಕ್ಕಷ್ಟೇ, ಎರಡೂ ಕಿವಿಗೆ ಮಷೀನು. ಆದ್ದರಿಂದ ಅವರದು ಯಾವಾಗಲೂ ಕೂಗು.

"ಯವ್ವಾ, ನಿಮ್ಮತ್ತಿ ದನಿ ಹಿಡದು ಇಟ್ಟುಬಿಡು. ಅದು ಹೋದ್ರ ನಾ ಮನ್ಯಾಗ ಯಾರ ಮಾತು ಕೇಳ್ಲಿ?"

"ಈಗೇನ್ ಕೇಳ್ತೀರಿ ಮಹಾ?" ಎಂದು ಹಿಂದಿನಿಂದ ಅತ್ತೆಯ ದನಿ ಬಂತು. ಅದು ಅವರಿಗೆ ಕೇಳಿಸಲಿಲ್ಲ.

ಅತ್ತೆಯನ್ನು ನಾಸಿಕಕ್ಕೆ ಕರೆಸಿದೆ. ಕೌದಿಗಳ ನಡುವೆ ಕೂರಿಸಿ, ನನ್ನಲ್ಲಿರುವ ಒಳ್ಳೆಯ ಕಂಡೆನ್ಸರ್ ಮೈಕು ಮುಂದಿಟ್ಟೆ. ಅತ್ತೆ ಒಂದು ಸಾಲು ಹಾಡಿ ನಿಂತಳು. ಗೋಡೆ ನೋಡಿದಳು.

"ಯಾಕತ್ತೀ?"

"ಹಿಂದಿನವ್ರು ಎತ್ತಬೇಕಲ್ಲವ್ವ."

ತೊಟ್ಟಿಲ ಪದದ ರೀತಿಯೇ ಅದು. ಮುಂದಿನವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದರ ಬಾಲ ಹಿಡಿದು ತಿರುಗಿ ಹೇಳಬೇಕು. ಆ ಹಿಮ್ಮೇಳ ಬಾರದೆ ಎರಡನೇ ಸಾಲು ಅತ್ತೆಯ ಬಾಯಿಗೆ ಬರುವುದಿಲ್ಲ. ನಾನೇ ಎತ್ತಿದೆ. ನನ್ನ ಕನ್ನಡ ಹಾಡಿಗೆ ಬಗ್ಗುವಂಥದ್ದಲ್ಲ; ನಕ್ಕು ನಕ್ಕು ಅತ್ತೆಗೆ ಕೆಮ್ಮು ಬಂತು. ಹೇಗೋ ಒಂದು ಪದ ಮುಗಿಸಿ ಮಾವನ ಫೋನಿಗೆ ಕಳಿಸಿದೆ.

ಮಾರನೆಯ ದಿನ ಮತ್ತೆ ಅವರ ಕೂಗು. "ಇದ್ಯಾರವ್ವ ಹಾಡಿದ್ದು?"

"ಅತ್ತೀನೇ, ಮಾವಾ."

"ಅಕಿ ಅಲ್ಲ. ಸೀಟಿ ಹೊಡದಂಗ ಆಗ್ಲಿಕತ್ತದ. ಸ ಅಂದ್ರ ಚುಚ್ಚತದ, ಶ ಅಂದ್ರ ಚುಚ್ಚತದ. ನಮ್ಮ ಮೈಕಿನ್ಯಾಗ ಹಿಡಿ, ಅಕಿ ಬರ್ತಾಳ."

ಇದು ಮುದುಕರ ಹಟ ಎಂದು ಮೊದಲು ಅನ್ನಿಸಿತು. ಆಮೇಲೆ ಅವರು ಹೇಳಿದ್ದರಲ್ಲಿ ಅರ್ಥ ಕಂಡಿತು. ಕಂಡೆನ್ಸರ್ ಮೈಕು ದನಿಯ ಚೂಪನ್ನೆಲ್ಲ ಹೆಕ್ಕಿ ತರುತ್ತದೆ. ಕಿವಿಯ ಮಷೀನು ಅದೇ ಚೂಪನ್ನು ಇನ್ನಷ್ಟು ಎತ್ತುತ್ತದೆ. ರಿಬ್ಬನ್ನಿನ ದನಿ ಮೆತ್ತಗೆ, ತುದಿ ಸವೆದ ಹಾಗೆ. ಎಷ್ಟೋ ವರ್ಷ ಅವರು ಅತ್ತೆಯನ್ನು ಕೇಳಿದ್ದು ಅದರ ಮೂಲಕವೇ. ಅವರಿಗೆ ಹೆಂಡತಿಯ ದನಿ ಎಂದರೆ ಅದು. ಅದೊಂದು ಸಿಕ್ಕರೆ ಸಾಕು, ಆಪರೇಷನ್ ಆದ ಮೇಲೆ ಏನಾದರೂ ಆಗಲಿ ಎಂದು ಕೂತಿದ್ದರು.

ಹಾಗಾಗಿ ಆಪರೇಷನ್ನಿನ ಹಿಂದಿನ ವಾರ ನಾನು ಎಸ್‌ಟಿ ಬಸ್ಸಿನಲ್ಲಿ ಸಂಭಾಜಿನಗರಕ್ಕೆ ಹೋದೆ. ಹಿಮ್ಮೇಳಕ್ಕೆ ನಮ್ಮ ಕಡೆಯ ನಾಲ್ಕಾರು ಹೆಂಗಸರು ಒಪ್ಪಿದ್ದರು. ಒಬ್ಬಾಕೆ ಅಲ್ಲೇ ಹತ್ತಿರದ, ಕನ್ನಡ ಎಂದೇ ಹೆಸರಿರುವ ತಾಲೂಕಿನಿಂದ ಸೀತಾಫಲದ ಬುಟ್ಟಿಯ ಜೊತೆ ಬಂದಿದ್ದಳು. ಎಲ್ಲರೂ ಸೇರುವ ಜಾಗ ಎಂದರೆ ನಮ್ಮ ಸಮಾಜದವರ ಒಂದು ಚಿಕ್ಕ ಸಭಾಗೃಹ. ಅಲ್ಲಿ ಪ್ರವಚನಕ್ಕೆಂದು ಇಟ್ಟ ದೊಡ್ಡ ಮಿಕ್ಸರ್ ಇತ್ತು, ಅದು ನನಗೆ ಬೇಕಾಗಿತ್ತು. ರಿಬ್ಬನ್ನಿನ ದನಿ ಬಹಳ ಸಣ್ಣದು. ನನ್ನ ಪುಟ್ಟ ಪೆಟ್ಟಿಗೆ ಅದನ್ನು ಎತ್ತುವಷ್ಟರಲ್ಲಿ ತಾನೇ ಸುಂಯ್ ಎನ್ನತೊಡಗುತ್ತದೆ.

ಮಧ್ಯಾಹ್ನ. ಮಳೆ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅತ್ತೆಯ ಮಗಳು ಅಂದು ತೆಗೆದ ಫೋಟೋದಲ್ಲಿ ಕಿಟಕಿಯ ಹೊರಗೆ ಬಿಸಿಲಿದೆ. ಬಿಸಿಲು.

ರಿಬ್ಬನ್ ಮೈಕಿನ ವೈರನ್ನು ಮಿಕ್ಸರಿಗೆ ಚುಚ್ಚುವ ಮೊದಲು ಫ್ಯಾಂಟಮ್ ಆಫ್ ಇದೆಯೇ ನೋಡುವುದು ನನ್ನ ಮೊದಲ ಕೆಲಸ. ಆ ಮಿಕ್ಸರಿನಲ್ಲಿ ಎಲ್ಲ ಮೈಕುಗಳಿಗೂ ಸೇರಿ ಒಂದೇ ಸ್ವಿಚ್ಚು. ಅದರ ಮೇಲೆ, ಪಕ್ಕದ ದೀಪವನ್ನೂ ಸೇರಿಸಿ, ಕಪ್ಪು ಟೇಪು ಮೆತ್ತಿತ್ತು. ಟೇಪಿನ ಮೇಲೆ ವಿಭೂತಿ, ಒಂದು ಬೊಟ್ಟು ಕುಂಕುಮ.

"ಕಾಕಾ, ಇದೇನ್ರಿ?" ಎಂದು ಸಭಾಗೃಹ ನೋಡಿಕೊಳ್ಳುವ ಹಿರಿಯರನ್ನು ಕೇಳಿದೆ.

"ಅದನ್ನ ಯಾರೂ ಮುಟ್ಟಬಾರದಂತ ಬಂದೋಬಸ್ತ್ ಮಾಡೀವಿ. ಒಂದ್ಸಲ ಸ್ವಾಮಿಗಳ ಪ್ರವಚನ ರಂಗಿಗೆ ಬಂದಿತ್ತು, ಯಾವನೋ ಅದನ್ನ ಒತ್ತಿದ, ಮೈಕ್ ಠಪ್! ಮಂದಿ ನಕ್ಕರು. ಅವತ್ತೇ ಟೇಪ್ ಹಚ್ಚಿದೆ. ಖಂಡೇನವಮಿಗೆ ಮಷೀನ್ ಪೂಜಾ ಮಾಡಿದಾಗ ಅದಕ್ಕೂ ವಿಭೂತಿ ಬಿತ್ತು."

ಸ್ವಾಮಿಗಳ ಮುಂದೆ ಇಡುವ ಕೊಕ್ಕರೆ ಕುತ್ತಿಗೆಯ ಮೈಕು ಕಂಡೆನ್ಸರ್ ಎಂದು ಆಗ ಗೊತ್ತಾಯಿತು. "ಹಂಗಾದ್ರ ಇದು ಆನ್ ಇರಬೇಕಲ್ಲರಿ?"

"ಇಲ್ಲವಾ. ಆ ಮೈಕೇ ಕಿತ್ತು ಕಪಾಟಿನ್ಯಾಗ ಇಟ್ಟೀನಿ. ಮೈಕ್ ಇಲ್ಲ ಅಂದ್ಮ್ಯಾಲ ಕರೆಂಟ್ ಎಲ್ಲಿಂದ ಬರ್ತದ?"

"ಕಾಕಾ, ನಳದ ಕೆಳಗಿನ ಕೊಡ ತೆಗದ್ರ ನಳ ತಾನ ನಿಲ್ಲತದೇನ್ರಿ?"

ಹೆಂಗಸರು ನಕ್ಕರು. ಕಾಕಾ ನಗಲಿಲ್ಲ. ಮಾತಿನಲ್ಲಿ ತೀರದ್ದನ್ನು ಮೈಕಿಗೇ ಕೇಳೋಣ ಎಂದುಕೊಂಡೆ. ಚೀಲದಲ್ಲಿದ್ದ ನನ್ನ ಕಂಡೆನ್ಸರ್ ಮೈಕು ತೆಗೆದೆ, ಮಿಕ್ಸರಿನಲ್ಲಿ ದನಿ ಏರಿಳಿಸುವ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ ವೈರು ಹಾಕಿದೆ, ಆಮೇಲೆ ಮೆಲ್ಲಗೆ ಏರಿಸಿದೆ. ಫ್ಯಾನಿನ ಗರಗರ ಸ್ಪೀಕರಿನಲ್ಲಿ ಬಂತು. ಯಾರದೋ ಬಳೆ ಬಂತು. ಸೀತಾಫಲದ ಬೀಜ ಉಗುಳಿದ ಸದ್ದು ಬಂತು. ಕರೆಂಟ್ ಇಲ್ಲದೆ ಆ ಮೈಕು ಇಷ್ಟೆಲ್ಲ ಹೇಳುತ್ತಿರಲಿಲ್ಲ. ಟೇಪಿನ ಕೆಳಗೆ ನಲವತ್ತೆಂಟು ವೋಲ್ಟು ಎಚ್ಚರವಾಗಿಯೇ ಕೂತಿತ್ತು.

"ಟೇಪ್ ತೆಗೀಬೇಕ್ರಿ."

ಈಗ ಎಲ್ಲರೂ ಒಟ್ಟಿಗೆ ಮಾತಾಡಿದರು. ಪೂಜೆ ಆದದ್ದನ್ನು ಕೀಳಬಾರದು. ವರ್ಷ ತುಂಬಿಲ್ಲ. ಅತ್ತೆಗೆ ಮುಂದಿನ ವಾರ ಆಪರೇಷನ್, ಇಂಥ ಹೊತ್ತಿನಲ್ಲಿ ವಿಭೂತಿ ಕಿತ್ತು ಬಿಸಾಡುವುದೇ? ಕಾಕಾ ಕೈ ಕಟ್ಟಿ ನಿಂತರು. ಮಾವ ಯಾವ ಮಾತೂ ಸರಿಯಾಗಿ ಕೇಳಿಸದೆ, ಮೈಕನ್ನು ಕೂಸಿನಂತೆ ಎದೆಗೊತ್ತಿಕೊಂಡು ಎಲ್ಲರ ಬಾಯಿ ನೋಡುತ್ತಿದ್ದರು. ಮೈಕು ಬೇಡ ಬಿಡಿ ಎಂದು ನಾನು ಹೇಳಿಬಿಟ್ಟರೆ ಅವರು ಆ ದನಿಯನ್ನು ಮತ್ತೆ ಕೇಳುವಂತಿರಲಿಲ್ಲ.

ಅತ್ತೆ ಎದ್ದಳು. ಮಿಕ್ಸರಿನ ಹತ್ತಿರ ಬಂದು ಬಗ್ಗಿ ನಮಸ್ಕಾರ ಮಾಡಿದಳು. ಮೂರು ಬೆರಳು ಟೇಪಿನ ಮೇಲೆ ಒತ್ತಿ ಎಳೆದು, ಬೆರಳಿಗೆ ಹತ್ತಿದ್ದನ್ನು ಹಣೆಗೆ ಹಚ್ಚಿಕೊಂಡಳು. ಉಳಿದದ್ದನ್ನು ಕುತ್ತಿಗೆಗೆ, ಗಡ್ಡೆಯ ಮೇಲೆ.

"ತಗೋ, ವಿಭೂತಿ ನಂದಾತು. ಈಗ ಬರೇ ಟೇಪ್ ಅದ. ತೆಗಿ."

ಕಾಕಾ ತಾವೇ ಮುಂದೆ ಬಂದು ಉಗುರಿನಿಂದ ಟೇಪು ಎಬ್ಬಿಸಿದರು. ಸ್ವಿಚ್ಚು ಆರಿಸಿದೆ. ಕೂಡಲೇ ಮೈಕು ಚುಚ್ಚಬಾರದು, ವೈರಿನಲ್ಲಿ ಉಳಿದದ್ದು ಇಳಿಯಲು ಬಿಡಬೇಕು ಎಂದು ಹೇಳಿದೆ. "ಹಂಗಾರ ಚಹಾ ಕುಡಿಯೋಣ್ರಿ" ಎಂದರು ಕಾಕಾ. ಅವರ ಸಿಟ್ಟೂ ಅಷ್ಟರಲ್ಲಿ ಇಳಿದಿತ್ತು.

ಚಹಾ ಕುಡಿಯುತ್ತ ಮಾವ ತಮ್ಮ ಚೀಲದಿಂದ ಒಂದು ವೈರು ತೆಗೆದರು. ಅವರೇ ಬೆಸುಗೆ ಹಾಕಿದ ಹಳೆಯ ವೈರು. ನಾನು ಮೀಟರ್ ಹಿಡಿದು ನೋಡಿದೆ.

"ನನ್ನ ಕೆಲ್ಸ ಚೆಕ್ ಮಾಡ್ತೀ? ನಾ ವೈರಿಂಗ್ ಮಾಡುವಾಗ ನಿಮ್ಮಪ್ಪಗ ಮೀಸಿ ಬಂದಿದ್ದಿಲ್ಲ!"

"ಮಾವಾ, ಒಂದು ತಂತಿ ಕವಚಕ್ಕ ಕಟ್ಟಿಬಿಟ್ಟೀರಿ."

"ಮತ್ತ? ನಮ್ಮ ಟೇಪ್ ರೆಕಾರ್ಡರಿಗೆ ಹಂಗೇ ಬೇಕಿತ್ತು."

ಅವರ ಮಾತು ಸರಿ. ಆ ಕಾಲದ ರೆಕಾರ್ಡರಿಗೆ ಅದೇ ಸರಿಯಾದ ವೈರು. ಆದರೆ ವೈರಿನೊಳಗಿನ ಎರಡು ತಂತಿಗಳಲ್ಲೂ ಸಮನಾಗಿ ಬಂದರೆ ಮಾತ್ರ ಆ ನಲವತ್ತೆಂಟು ವೋಲ್ಟು ರಿಬ್ಬನ್ನಿಗೆ ತಗುಲದೆ ಹೋಗುತ್ತದೆ. ಒಂದು ತಂತಿಯನ್ನು ಅವುಗಳ ಸುತ್ತಲಿನ ಲೋಹದ ಕವಚಕ್ಕೆ ಕಟ್ಟಿದರೆ ಸಮ ತಪ್ಪಿ, ಒಂದೇ ಕಡೆಯಿಂದ ಒಳಗೆ ನುಗ್ಗುತ್ತದೆ. ಟೇಪು ಹಾಗೇ ಬಿಟ್ಟು, ಈ ವೈರನ್ನು ಚುಚ್ಚಿದ್ದರೆ ಒಂದು 'ಧಪ್' ಕೇಳುತ್ತಿತ್ತು, ಅಷ್ಟೆ. ನಾನು ನನ್ನ ವೈರು ಕೊಟ್ಟೆ. ಅವರು ತಮ್ಮದನ್ನು ಸುತ್ತಿ, ಹಣೆಗೆ ಒತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು.

ಮೈಕು ನಿಂತಿತು. ಹಿಮ್ಮೇಳಕ್ಕೆ ಎರಡು ಡೈನಾಮಿಕ್ ಮೈಕು, ಸ್ವಲ್ಪ ದೂರದಲ್ಲಿ. ಸೀತಾಫಲದ ಹೆಂಗಸು ರಿಬ್ಬನ್ನಿನ ಮುಂದೆ ಬಂದು ಎಲ್ಲರೂ ಮಾಡುವಂತೆ ಕೆನ್ನೆ ಉಬ್ಬಿಸಿದಳು.

"ಊದಬ್ಯಾಡಾ!" ಮಾವ ಕೂಗಿದ ರಭಸಕ್ಕೆ ಆಕೆ ಉಬ್ಬಿದ ಕೆನ್ನೆಯಲ್ಲೇ ಹಿಂದೆ ಸರಿದಳು. ಊದಿದರೂ ಆ ಪಟ್ಟಿ ಹರಿಯುತ್ತದೆ. ಕರೆಂಟಿಗಿಂತ ಹೆಚ್ಚು ರಿಬ್ಬನ್ ಮೈಕುಗಳು ಸತ್ತದ್ದು ಹಲೋ ಹಲೋ ಫೂ ಎಂಬುದರಿಂದಲೇ ಎಂದು ಮಾವ ಆಕೆಗೆ ಪಾಠ ಹೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು ಮೈಕಿನ ಆಚೆ ಬದಿಗೆ, ಅತ್ತೆಯ ಎದುರಿಗೆ ಕೂತರು. ಕಿವಿ ಕೇಳದ್ದರಿಂದ ಅವರಿಗೆ ಹೆಂಡತಿಯ ತುಟಿ ಕಾಣಬೇಕು.

ಅತ್ತೆ ಹಾಡಿದಳು. ಹೆಂಗಸರು ಬಾಲ ಹಿಡಿದರು. ನನ್ನ ಹೆಡ್‌ಫೋನಿನಲ್ಲಿ ಆ ಮೆತ್ತನೆಯ ದನಿ ಇಳಿಯಿತು, ಮಾವ ಏನು ಕೇಳುತ್ತಿದ್ದರು ಎಂಬುದು ನನಗೂ ಕೇಳಿಸಿತು. ಅದರ ಜೊತೆಗೆ ಇನ್ನೊಂದು ಸದ್ದು. ಹೂಂ ಹೂಂ ಎಂದು, ಶ್ರುತಿಗೆ ಸಂಬಂಧವಿಲ್ಲದೆ, ಒಬ್ಬ ಗಂಡಸು ಗುನುಗುತ್ತಿದ್ದ.

ರಿಬ್ಬನ್ನಿಗೆ ಬೆನ್ನು ಎಂಬುದಿಲ್ಲ. ಅದು ಮುಂದಿನಷ್ಟೇ ಹಿಂದೆಯೂ ಕೇಳುತ್ತದೆ. ಎರಡು ಪಕ್ಕಗಳಲ್ಲಿ ಮಾತ್ರ ಕಿವುಡು. ಹಾಡು ನಿಲ್ಲಿಸಿ ಹತ್ತಿರ ಹೋದೆ. "ಮಾವಾ, ಸುಮ್ಮ ಕೂಡ್ರಿ."

"ಸುಮ್ಮನೇ ಕೂತೀನಲ್ಲ!"

ನಿಜವಾಗಿಯೂ ಹಾಗೆಂದು ನಂಬಿದ್ದರು. ತಮ್ಮ ದನಿ ತಮಗೆ ಕೇಳಿಸುತ್ತಿರಲಿಲ್ಲ. ಕುರ್ಚಿಯನ್ನು ಪಕ್ಕಕ್ಕೆ, ಮೈಕಿನ ಕಿವುಡು ಕಡೆಗೆ ಎಳೆಸಿದೆ. ಈಗ ಅತ್ತೆಯ ಮುಖ ಅವರ ಕಡೆಗೇ ತಿರುಗಿತು, ದನಿ ಮೈಕು ಬಿಟ್ಟು ಹೋಯಿತು. ಮಾವನನ್ನು ಹೊರಗೆ ಕಳಿಸಿದೆ. ಅತ್ತೆ ಎರಡು ಸಾಲು ಹೇಳಿ ನಿಂತಳು, ನಾಸಿಕದ ಕೋಣೆಯಲ್ಲಿ ನಿಂತ ಹಾಗೆಯೇ.

"ಕರಿ ಅವರ್ನ. ಕೂತಲ್ಲೇ ಕೂಡ್ಲಿ."

"ಗುನುಗ್ತಾರತ್ತೀ."

"ನಲವತ್ತು ವರ್ಷದಿಂದ ಗುನಗ್ಲಿಕತ್ತಾರ. ನಿನಗ ಇವತ್ತ ಕೇಳೇತಿ."

ಹಾಗೆಯೇ ಎಲ್ಲ ಪದಗಳನ್ನೂ ಹಿಡಿದೆ. ನಾಸಿಕಕ್ಕೆ ಮರಳಿದ ಮೇಲೆ, ಆ ಗುನುಗನ್ನು ಕಂಪ್ಯೂಟರಿನಲ್ಲಿ ಒರೆಸಬಲ್ಲೆ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಅತ್ತೆ ಬೇಡ ಎಂದಳು. ಯಾಕೆ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅವಳು ಏನೋ ಚೆಂದದ ಉತ್ತರ ಕೊಟ್ಟಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕೊಟ್ಟಿರಲಿಕ್ಕಿಲ್ಲ, ಕುಕ್ಕರ್ ಸೀಟಿ ಹೊಡೆಯಿತು ಎಂದು ಫೋನು ಇಟ್ಟಳು.

ಆಪರೇಷನ್ ಸುಸೂತ್ರವಾಯಿತು. ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದಾಗ ಅತ್ತೆ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರು ಸದ್ಯಕ್ಕೆ ಮಾತಾಡಬೇಡಿ ಎಂದಿದ್ದರು. ದನಿ ಹೇಗಿದೆ ಎಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಮಾವ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳ ಮುಚ್ಚಿದ ಬಾಯಿಯನ್ನೇ ನೋಡುತ್ತಿದ್ದರು.

ನನ್ನ ದೊಡ್ಡ ಹೆಡ್‌ಫೋನನ್ನು ಅವರ ಕಿವಿಯ ಮಷೀನುಗಳ ಮೇಲೆ ಕೂರಿಸಿ ಫೋನು ಒತ್ತಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವರ ಗಲ್ಲ ಸ್ವಲ್ಪ ಮೇಲೆದ್ದಿತು. ಕೈ ತೊಡೆಯ ಮೇಲೆ ತಾಳ ಹಿಡಿಯಿತು.

"ಇಕಿನೇ" ಎಂದರು. ಇಡೀ ವಾರ್ಡಿಗೆ ಕೇಳಿಸಿತು. "ಇಕಿನೇ ನೋಡವ್ವ! ಸಿಕ್ಕಳು!"

ಪಕ್ಕದ ಮಂಚದ ಹೆಂಗಸು ಎದ್ದು ಕೂತಳು. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಹಾಡು ಮುಂದುವರಿಯಿತು, ಮಾವನ ಮುಖ ನಿಧಾನವಾಗಿ ಗಂಟಿಕ್ಕತೊಡಗಿತು.

"ಅಲ್ಲ, ಹಿಂದ ಈ ಗಂಡಸ್ಮಗ ಯಾಂವ? ಹೂಂ ಹೂಂ ಅಂತ ಪದ ಕೆಡಿಸ್ಲಿಕತ್ತಾನ! ಯಾರರ ಅವನ ಬಾಯಿ ಮುಚ್ಚಸಬೇಕಿಲ್ಲ?"

ನಗಬಾರದು, ಹೊಲಿಗೆ ಜಗ್ಗುತ್ತದೆ. ಅತ್ತೆ ಒಂದು ಕೈಯಿಂದ ಕುತ್ತಿಗೆ ಹಿಡಿದುಕೊಂಡಳು, ಅವಳ ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಇನ್ನೊಂದು ಕೈ ಎತ್ತಿ, ಬೆರಳು ಚಾಚಿ, ನೇರವಾಗಿ ಗಂಡನ ಎದೆಗೆ ತೋರಿಸಿದಳು.

ಮಾವ ತಿರುಗಿ ತಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿದರು.